ಸುಜಾತಳಿಗೆ ಒಪ್ಪುವ ಪಿಸ್ತೂಲು

ಹೆಂಡತಿಗೆ ಒಂದು ಪಿಸ್ತೂಲು ಆರಿಸಿಕೊಡುವುದು ಕಷ್ಟದ ಕೆಲಸವೆಂದು ನನಗೆ ಅನಿಸಲೇ ಇಲ್ಲ. ಮದುವೆಯಾದಾಗಿನಿಂದ ಮನೆಯ ಕುಕ್ಕರು, ಮಿಕ್ಸರು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಆರಿಸಿದವನು ನಾನೇ. ಅವುಗಳಲ್ಲಿ ಯಾವುದೂ ಈಗ ಕೆಲಸ ಮಾಡುತ್ತಿಲ್ಲ ಎಂಬುದು ಬೇರೆ ಮಾತು. ಮೇಲಾಗಿ ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ ಒಮ್ಮೆ ಗುಂಡು ಹಾರಿಸಿದ ಅನುಭವವೂ ನನಗಿತ್ತು. ಆ ಗುಂಡು ಎಲ್ಲಿಗೆ ಹೋಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಸುಜಾತ ಉಡುಪಿಯವಳು. ನಾವಿರುವುದು ಲಂಡನ್ನಿನಲ್ಲಿ. ಅಕ್ಸ್‌ಬ್ರಿಡ್ಜ್‌ನ ಒಂದು ಆಫೀಸಿನಲ್ಲಿ ಅವಳ ಕೆಲಸ. ಕ್ವೀನ್ಸ್‌ಬರಿಯಲ್ಲಿ ಬಸ್ಸಿಳಿದು ಅಂಗಡಿಗಳ ಹಿಂದಿನ ಓಣಿ ದಾಟಿದರೆ ನಮ್ಮ ಮನೆ. ನಾನು ಮನೆಯಿಂದಲೇ ಆಫೀಸು ಕೆಲಸ ಮಾಡುವವನು. ಬೇಸಿಗೆ ಮುಗಿದು ಕತ್ತಲು ಬೇಗ ಬೀಳತೊಡಗಿದ್ದ ಒಂದು ಸಂಜೆ ಅವಳು ಬಂದವಳೇ ಕೋಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಳಿತಳು.

"ಯಾರೋ ಒಬ್ಬ ಹಿಂದೆಯೇ ಬಂದ. ನಾನು ನಿಂತ್ರೆ ಅವನೂ ನಿಲ್ತಾನೆ. ಓಣಿ ದಾಟುವ ತನಕ ಜೀವ ಕೈಯಲ್ಲಿ ಹಿಡ್ಕೊಂಡು ಬಂದೆ," ಎಂದಳು. "ನಂಗೆ ಇದು ಆಗುವುದಿಲ್ಲ. ಕೆಲಸ ಬಿಟ್ಟುಬಿಡುವಾ ಅಂತ ಕಾಣ್ತದೆ. ನೀವು ಒಂದೈದು ನಿಮಿಷ ಬಸ್‌ ಸ್ಟಾಪಿನ ತನಕ..."

"ಕೆಲಸ ಯಾಕೆ ಬಿಡ್ಬೇಕು? ನಾನಿದ್ದೀನಲ್ಲ. ಇದಕ್ಕೆಲ್ಲ ಪರಿಹಾರ ಇದೆ ಕಣೇ," ಎಂದು ಅವಳ ಮಾತನ್ನು ಅರ್ಧದಲ್ಲೇ ತಡೆದು, ನಾನು ಲ್ಯಾಪ್‌ಟಾಪ್ ತೆರೆದೆ.

ಅಮೆರಿಕದ ಒಬ್ಬ ಗಡ್ಡದವನು ವಿಡಿಯೋದಲ್ಲಿ ಬಹಳ ಚೆನ್ನಾಗಿ ವಿವರಿಸುತ್ತಿದ್ದ. ಹೆಂಡತಿಯ ಪಿಸ್ತೂಲನ್ನು ಗಂಡ ತನ್ನ ಇಷ್ಟದಂತೆ ಆರಿಸಬಾರದು, ಆಕೆಯ ಅಂಗೈಗೆ ಹೊಂದಬೇಕು, ತೂಕ ಹೆಚ್ಚಿರಬಾರದು, ಕೈಚೀಲದಿಂದ ಸಲೀಸಾಗಿ ಹೊರಬರಬೇಕು. ನನಗೆ ಅವನ ಮೇಲೆ ಗೌರವ ಹುಟ್ಟಿತು. ಊಟವಾದ ಮೇಲೆ ಸುಜಾತಳ ಅಂಗೈಯನ್ನು ಟೇಪಿನಿಂದ ಅಳೆದೆ. ಹಿಡಿತದ ಪರೀಕ್ಷೆಗಾಗಿ ಅವಳ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟು ಬಾಗಿಲಿಗೆ ಗುರಿಯಿಡಲು ಹೇಳಿದೆ.

ಅವಳು ಇಸ್ತ್ರಿಪೆಟ್ಟಿಗೆಯನ್ನು ನನ್ನತ್ತ ತಿರುಗಿಸಿ, "ಇದು ಸಾಕಲ್ಲ," ಎಂದಳು.

ಮರುದಿನ ಪಕ್ಕದ ಮನೆಯ ಲೋಬೋ ಅವರ ಸಲಹೆ ಕೇಳಿದೆ. ಮಂಗಳೂರಿನವರು, ಈ ಊರಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಕಿವಿಗೆ ಎರಡೂ ಕಡೆ ಯಂತ್ರವಿದೆ. ಪಿಸ್ತೂಲಿನ ಅಂಗಡಿ ಎಲ್ಲಿದೆ ಎಂದು ನಾನು ಕೇಳಿದಾಗ ಅವರು ಯಂತ್ರಗಳನ್ನು ಒಮ್ಮೆ ಸರಿಮಾಡಿಕೊಂಡರು.

"ಪಿಸ್ತೂಲಾ? ಇಲ್ಲಿ ಬೀಟಿಗೆ ಬರುವ ಪೊಲೀಸರ ಹತ್ರವೇ ಇಲ್ಲ ಮಾರಾಯ್ರೆ. ಮನೆಯಲ್ಲಿ ಇಟ್ಕೊಂಡ್ರೆ ಸೀದಾ ಜೈಲು. ಎಷ್ಟು ವರ್ಷ ಆಯ್ತು ನೀವು ಈ ದೇಶಕ್ಕೆ ಬಂದು?"

ನಾನು ಸೀದಾ ನಮ್ಮ ಅಡುಗೆಮನೆಗೆ ನಡೆದೆ.

ಮುಂದಿನ ಯೋಜನೆ ಮೆಣಸಿನ ನೀರು. ಅತ್ತೆ ಉಡುಪಿಯಿಂದ ಕಳಿಸಿದ್ದ ಬ್ಯಾಡಗಿ ಮೆಣಸಿನ ಪುಡಿಯನ್ನು ನೀರಿಗೆ ಕದಡಿ, ಕಿಟಕಿ ಒರೆಸುವ ಸ್ಪ್ರೇ ಬಾಟಲಿಗೆ ತುಂಬಿಸಿದೆ. ಸುಜಾತ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಬ್ಯಾಡಗಿಯಲ್ಲಿ ಖಾರ ಎಲ್ಲಿ ಉಂಟು? ಬಣ್ಣ ಮಾತ್ರ. ಕಳ್ಳನ ಮುಖ ಚಂದ ಕೆಂಪಾಗ್ತದೆ." ಅದನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದರೂ ಇಲ್ಲಿ ಅಪರಾಧವೇ ಎಂದು ಲೋಬೋ ಬೇಲಿಯ ಆಚೆಯಿಂದ ತೀರ್ಪು ಕೊಟ್ಟರು. ಗುಂಟೂರು ಮೆಣಸಿನ ಪ್ಯಾಕೆಟ್ಟಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಹೀಗೆ ಕಾನೂನು ನನ್ನ ಒಂದೊಂದೇ ಆಯುಧವನ್ನು ಕಿತ್ತುಕೊಂಡು, ಕೊನೆಗೆ ಕೈಯಲ್ಲಿ ಉಳಿಸಿದ್ದು ಒಂದು ಅಲಾರಂ. ಬೆಂಕಿಪೊಟ್ಟಣದಷ್ಟು ಗಾತ್ರ. ಅದಕ್ಕೆ ಸಿಕ್ಕಿಸಿದ ಪಿನ್ನಿನ ತುದಿಯಲ್ಲಿ ಒಂದು ಸಣ್ಣ ಬಳೆ. ಬಳೆ ಎಳೆದು ಪಿನ್ನು ಕಿತ್ತರೆ ಊರೇ ಎದ್ದು ಬರುವಂತೆ ಕೂಗುತ್ತದೆ, ಪಿನ್ನನ್ನು ಮತ್ತೆ ಸಿಕ್ಕಿಸಿದರೆ ನಿಲ್ಲುತ್ತದೆ. ಸುಜಾತ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಓಣಿ ದಾಟತೊಡಗಿದಳು. ಹೆದರಿಕೆ ಹೋಗಲಿಲ್ಲ. ಆದರೂ ಆಫೀಸಿಗೆ ಹೋಗುತ್ತಿದ್ದಳು. ಅಷ್ಟಕ್ಕೇ ಸುಮ್ಮನಿದ್ದರೆ ನಾನು ಬುದ್ಧಿವಂತ ಎನಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು.

ನಮ್ಮ ಮೈಸೂರಿನ ಮನೆಯಲ್ಲಿ ಆ ದಿನ ಕತ್ತರಿ, ಸುತ್ತಿಗೆ, ಸೈಕಲ್ಲು ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ವಿಶ್ರಾಂತಿ ಪಡೆಯುತ್ತಿದ್ದವು. ಪೂಜೆಯ ದಿನ ಆಯುಧ ಬಳಸಬಾರದು. ಲಂಡನ್ನಿನಲ್ಲಿ ಇಷ್ಟು ವರ್ಷ ಲ್ಯಾಪ್‌ಟಾಪಿಗೆ ಹೂವಿಟ್ಟು ಸಾಕಾಗಿತ್ತು. ಈಗ ಮನೆಗೆ ಮೊದಲ ಬಾರಿಗೆ ನಿಜವಾದ ಆಯುಧವೊಂದು ಬಂದಿದೆ!

"ಇವತ್ತೊಂದಿನ ಅಲಾರಂ ಮನೇಲಿರ್ಲಿ," ಎಂದೆ ಬೆಳಿಗ್ಗೆ.

"ಮತ್ತೆ ನಾನು ಓಣಿಯಲ್ಲಿ ಎಂತ ಮಾಡುವುದು?"

"ದೇವರಿದ್ದಾನೆ."

ಅವಳು ಚಪ್ಪಲಿ ಗೂಡಿನ ಪಕ್ಕದಿಂದ ಕೊಡೆ ತೆಗೆದುಕೊಂಡು ಹೋದಳು. ಆ ಮುಖ ನೋಡಿದಾಗಲೇ ನನಗೆ ನಾಚಿಕೆಯಾಗಬೇಕಿತ್ತು. ನಾನು ಬೂದುಗುಂಬಳ ತರಲು ಹೋದೆ.

ಸಂಜೆ ಅವಳು ಬರುವ ಹೊತ್ತಿಗೆ ಸರಿಯಾಗಿ ಪೂಜೆಗೆ ಕುಳಿತೆ. ಅಲಾರಮ್ಮಿಗೆ ಗಂಧ ಹಚ್ಚಿದೆ, ನೀರಲ್ಲಿ ಕಲಸಿದ ಕುಂಕುಮ ಧಾರಾಳವಾಗಿ ಇಟ್ಟೆ, ಬಳೆಯಿಂದ ಮೊಳೆಗೆ ತೂಗುಹಾಕಿದೆ. ಆಮೇಲೆ ಚೆಂಡುಹೂವಿನ ದಪ್ಪ ಹಾರ ಏರಿಸಿದೆ. ಹಾರದ ಭಾರಕ್ಕೆ ಅಲಾರಂ ಕಳಚಿ ಬಿತ್ತು. ಬಳೆ, ಪಿನ್ನು ಎರಡೂ ಮೊಳೆಯಲ್ಲೇ ಉಳಿದವು.

ಆ ಕೂಗನ್ನು ವರ್ಣಿಸಲು ನನ್ನಿಂದ ಸಾಧ್ಯವಿಲ್ಲ. ದೀಪ ಆರಿದ್ದು ಅದರಿಂದಲೇ ಎಂದು ನನ್ನ ನಂಬಿಕೆ. ಪಿನ್ನು ಸಿಕ್ಕಿಸಲು ನೋಡಿದರೆ ರಂಧ್ರದ ತುಂಬ ನನ್ನ ಭಕ್ತಿಯ ಕುಂಕುಮ. ಒಂದು ಕೈಯಲ್ಲಿ ಅಲಾರಂ ಮತ್ತು ಪಿನ್ನು, ಇನ್ನೊಂದರಲ್ಲಿ ಕುಂಕುಮ ತುಂಬಿದ ಕುಂಬಳಕಾಯಿ ಹಿಡಿದು ಬೀದಿಗೆ ಓಡಿದೆ. ಕುಂಬಳಕಾಯಿ ಏಕೆ ಬೇಕಿತ್ತೆಂದು ನನ್ನನ್ನು ಕೇಳಬೇಡಿ. ಒದ್ದೆ ಎಲೆಯ ಮೇಲೆ ಕಾಲು ಜಾರಿತು. ಕುಂಬಳಕಾಯಿ ನನ್ನ ಎದೆಯ ಕೆಳಗೇ ಒಡೆಯಿತು.

ಬಿದ್ದಲ್ಲಿಂದ ಸುತ್ತ ನೋಡಿದೆ. ಊರೇ ಎದ್ದು ಬರಬೇಕಿತ್ತಲ್ಲ. ಎದುರು ಮನೆಯ ಪರದೆ ಸ್ವಲ್ಪ ಸರಿದು ಮತ್ತೆ ಮುಚ್ಚಿಕೊಂಡಿತು. ಇನ್ನೊಂದು ಮನೆಯವರು ಟಿವಿಯ ಧ್ವನಿ ಏರಿಸಿದರು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ, ಅದು ಯಾರ ಕಾರಿನ ಅಲಾರಂ, ದಯವಿಟ್ಟು ನಿಲ್ಲಿಸಿ ಎಂದು ಬರೆದಿದ್ದರಂತೆ. ಲೋಬೋ ಕಿವಿಯ ಯಂತ್ರ ತೆಗೆದಿಟ್ಟು ನಿದ್ದೆ ಹೋಗಿದ್ದರು. ಇದನ್ನು ನಂಬಿಕೊಂಡು ಸುಜಾತ ದಿನವೂ ಆ ಓಣಿಯಲ್ಲಿ ಬರುತ್ತಿದ್ದಳು ಎಂದು ನನಗೆ ಆಗ ಹೊಳೆಯಿತು.

ಬಂದವಳು ಒಬ್ಬಳೇ. ಆ ಕತ್ತಲ ಓಣಿಯಿಂದಲೇ, ಕೊಡೆಯನ್ನು ಎತ್ತಿ ಹಿಡಿದು, ಒಂದು ಕಾಲಲ್ಲಿ ಚಪ್ಪಲಿ ಇಲ್ಲದೆ ಓಡಿ ಬಂದಳು.

"ಅಯ್ಯೋ ದೇವರೇ, ರಕ್ತ! ಯಾರು ಹೊಡೆದದ್ದು?"

"ಕುಂಬಳಕಾಯಿ," ಎಂದೆ.

ಅವಳು ಅಲಾರಂ ಕಸಿದುಕೊಂಡು, ತಲೆಯಿಂದ ಹೇರ್‌ಪಿನ್ ತೆಗೆದು ರಂಧ್ರದ ಕುಂಕುಮ ಕೆದಕಿ, ನನ್ನ ಕೈಯಲ್ಲಿದ್ದ ಪಿನ್ನು ಸಿಕ್ಕಿಸಿದಳು. ಕೂಗು ನಿಂತಿತು. ಆಮೇಲೆ ಮೆಟ್ಟಿಲ ಮೇಲೆ ಕುಳಿತು ಅತ್ತಳು. ನಾನು ಕುಂಬಳದ ಹೋಳುಗಳ ನಡುವೆ ಏನು ಮಾಡುವುದೆಂದು ತಿಳಿಯದೆ ನಿಂತಿದ್ದೆ.

"ಮೊದಲ ದಿನವೇ ಹೇಳ್ಲಿಕ್ಕೆ ಹೊರಟೆ," ಎಂದಳು ಕಣ್ಣೊರೆಸಿಕೊಂಡು. "ಬಸ್‌ ಸ್ಟಾಪಿನ ತನಕ ಬನ್ನಿ ಅಂತ. ಅಷ್ಟೇ ನಂಗೆ ಬೇಕಿದ್ದದ್ದು. ನೀವು ನನ್ನ ಕೈ ಅಳೆದ್ರಿ."

ಅವಳು ಕೆಲಸ ಬಿಟ್ಟಿಲ್ಲ. ನಾನು ಈಗ ದಿನವೂ ಸಂಜೆ ಸ್ಟಾಪಿಗೆ ಹೋಗುತ್ತೇನೆ. ಓಣಿಯಲ್ಲಿ ನರಿಯೊಂದು ಕಸದ ಡಬ್ಬಿ ಉರುಳಿಸಿದರೆ ಅವಳ ತೋಳು ಹಿಡಿದುಕೊಳ್ಳುವವನು ನಾನು. ಅಲಾರಮ್ಮಿನ ಕುಂಕುಮ ಇನ್ನೂ ಪೂರ್ತಿ ಹೋಗಿಲ್ಲ. ಅದನ್ನು ದಾರಕ್ಕೆ ಪೋಣಿಸಿ ಅವಳೇ ನನ್ನ ಕೊರಳಿಗೆ ಕಟ್ಟಿದ್ದಾಳೆ.

"ನಾನು ಬಸ್ಸಿಳಿಯುವ ತನಕ," ಎಂದಳು, "ಅಲ್ಲಿ ನೀವು ಒಬ್ಬರೇ ಅಲ್ವಾ ನಿಂತಿರುವುದು?"