ಬಾಯಮ್ಮನ ಪ್ಲೇಟಿಗೊಂದು ಮೇಪಲ್ ಫಡ್ಜ್

ನನ್ನ ಅಡುಗೆಮನೆಯಲ್ಲಿ ಎಡವಟ್ಟುಗಳಿಗೆ ವಾರದ ರಜೆ ಎಂಬುದೇ ಇಲ್ಲ. ಹೆಚ್ಚಿನವನ್ನು ನೆನೆದು ನಾನೇ ನಗುತ್ತೇನೆ. ಈ ಒಂದಕ್ಕೆ ಮಾತ್ರ ನಕ್ಕು ಮುಗಿದ ಮೇಲೆ ಸಂಕಟವಾಗುತ್ತದೆ.

ದುಬೈಯ ಅಲ್ ಕುಸೈಸ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಮಂಗಳೂರಿನ ಕ್ರಿಶ್ಚಿಯನ್ ನರ್ಸ್ ಒಬ್ಬರಿದ್ದರು. ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ನನಗೆ ಅವರು ಬಾಯಮ್ಮ, ಅವರಿಗೆ ನಾನು ಅಕ್ಕ. ಆರು ವರ್ಷ ಸಂಜೆಯ ಚಹಾ ಒಟ್ಟಿಗೇ. ಕೆನಡಾಕ್ಕೆ ಹೋಗಿ ನೆಲೆಸಲು ಅವರಿಗೆ ಕಾಗದ ಬಂದ ದಿನ ಒಂದು ಪ್ಲೇಟು ಮೇಪಲ್ ಫಡ್ಜ್, ಜತೆಗೆ ಎರಡು ಬಾಟಲಿ ಮೇಪಲ್ ಸಿರಪ್ ತಂದುಕೊಟ್ಟರು. ಫಡ್ಜ್ ಅಂದರೆ ನಮ್ಮ ಬರ್ಫಿಯ ಹಾಗೆ, ಬಾಯಲ್ಲಿಟ್ಟರೆ ಕರಗುತ್ತದೆ. ಸಿರಪ್ ಅಲ್ಲಿಯ ಮೇಪಲ್ ಮರದ ರಸ ಕಾಯಿಸಿದ್ದು.

ಇನ್ನೊಬ್ಬರ ಪಾತ್ರೆಯನ್ನು ಖಾಲಿ ವಾಪಸು ಕೊಡುವ ಕ್ರಮ ನಮ್ಮಲ್ಲಿಲ್ಲ. ಅವರು ಹೊರಡಲು ಎರಡು ತಿಂಗಳಿತ್ತು. ಅಷ್ಟರೊಳಗೆ ಅದೇ ಫಡ್ಜ್ ಮಾಡಿ ಅದೇ ಪ್ಲೇಟಿನಲ್ಲಿಟ್ಟು ಕೊಡುತ್ತೇನೆಂದು ಹಟ ಹಿಡಿದೆ.

೧. ಶುಕ್ರವಾರದ ಡ್ರಿಲ್ಲಿಂಗ್

ರೆಸಿಪಿಯಲ್ಲಿ ಥರ್ಮಾಮೀಟರ್ ಬೇಕೆಂದಿತ್ತು. ಮೈಸೂರು ಪಾಕ್ ಮಾಡಿದ ಕೈಗೆ ಅದೆಲ್ಲ ಯಾಕೆಂದು ಬೆರಳಲ್ಲೇ ಪಾಕದ ಎಳೆ ನೋಡಿದೆ. ಒಂದೆಳೆ ಬಂತು. ಇನ್ನೊಂದೆಳೆಯೂ ಬರಲಿ ಎಂದು ಬಿಟ್ಟೆ. ತಣಿದಾಗ ಗ್ರಾನೈಟ್ ಆಗಿತ್ತು. ಗಂಡ ಸುತ್ತಿಗೆ ತಂದರು. ನಾಲ್ಕನೆಯ ಏಟಿಗೆ ಕಟ್ಟಡದ ವಾಚ್‌ಮನ್ ಬೆಲ್ ಒತ್ತಿದ.

"ಸಾಬ್, ಜುಮ್ಮಾ ಕೇ ದಿನ್ ಡ್ರಿಲ್ಲಿಂಗ್ ಮನಾ ಹೈ!" ಶುಕ್ರವಾರ ರಜೆ, ಗೋಡೆ ಕೊರೆಯುವ ಹಾಗಿಲ್ಲವಂತೆ.

"ಸಾರಿ ಭಾಯ್, ಖಲಾಸ್" ಎಂದು ಗಂಡ ತಪ್ಪೊಪ್ಪಿಕೊಂಡರು. ಫಡ್ಜ್ ಎಂದು ಹೇಳುವುದಕ್ಕಿಂತ ಅದೇ ಮರ್ಯಾದೆ ಅನ್ನಿಸಿತಂತೆ.

೨. ಅಲ್ಲಾಡುವ ಫಡ್ಜ್

ಮುಂದಿನ ಸಲ ಬೇಗ ಇಳಿಸಿದೆ. ಇಡೀ ದಿನ ಫ್ರಿಜ್ಜಿನಲ್ಲಿಟ್ಟೆ. ಮಗಳು ಟ್ರೇ ಓರೆ ಮಾಡಿ ನೋಡಿ, "ಅಮ್ಮ, ಇಟ್ಸ್ ಸ್ಟಿಲ್ ಮೂವಿಂಗ್!" ಎಂದಳು. ಮೂರು ದಿನ ನೀರುದೋಸೆಗೆ ಅದೇ ರಸಾಯನ.

ಆ ವಾರವೇ ಬಾಯಮ್ಮ ಬೆಲ್ ಒತ್ತಿದರು. "ಅಕ್ಕಾ, ಇದ್ದೀರಾ?" ಅವರ ಪ್ಲೇಟು ಮೇಜಿನ ಮೇಲೆ ಖಾಲಿ ಕೂತಿತ್ತು. ನಾನು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ಆಗಲೇ ಒಳಗಿಂದ ಗಂಡನ ಸ್ವರ: "ಬಾಗಿಲು ತೆಗಿ ಮಾರಾಯ್ತಿ, ಅಲ್ಲೇ ನಿಂತಿದ್ದೀಯಲ್ಲ!"

ಹೊರಗೆ ಚಪ್ಪಲಿಯ ಸದ್ದು ಮೆಲ್ಲಗೆ ದೂರವಾಯಿತು. ಆಮೇಲೆ ಅವರಿಗೆ ಮುಖ ತೋರಿಸುವ ಧೈರ್ಯ ನನಗೆ ಬರಲಿಲ್ಲ. ಕಾರಿಡಾರ್ ಖಾಲಿ ಇದೆಯೇ ಎಂದು ಇಣುಕಿ ನೋಡಿಯೇ ತರಕಾರಿಗೆ ಹೋಗುತ್ತಿದ್ದೆ. ಚಹಾ ನಿಂತೇ ಹೋಯಿತು.

೩. ಕೊನೆಗೂ ಗಟ್ಟಿಯಾಯಿತು

ಅವರು ಹೊರಡುವುದು ಶನಿವಾರ ಎಂದು ಗಂಡ ಲಿಫ್ಟಿನಲ್ಲಿ ಯಾರೋ ಹೇಳಿದ್ದು ಕೇಳಿಕೊಂಡು ಬಂದರು. ಉಳಿದ ಸಿರಪ್ಪಿಗೆ ಕಂಡೆನ್ಸ್ಡ್ ಮಿಲ್ಕ್, ತುಪ್ಪ, ಏಲಕ್ಕಿ ಎಲ್ಲ ಸುರಿದು ಮಗುಚಿದೆ. ಗಟ್ಟಿಯಾಯಿತು! ತುಂಡು ಮಾಡಿ ಪ್ಲೇಟು ತುಂಬಿಸಿ, ಶನಿವಾರ ಹತ್ತು ಗಂಟೆಗೆ ಹೊಸ ಚೂಡಿದಾರ್ ಹಾಕಿಕೊಂಡು ಹೋದರೆ ಬಾಗಿಲಿಗೆ ಬೀಗ. ವಿಮಾನ ಸಂಜೆಗೆಂದು ನಾನೇ ಎಣಿಸಿದ್ದೆ. ಅವರು ಬೆಳಿಗ್ಗೆಯೇ ಹೋಗಿಯಾಗಿತ್ತು.

ವಾಚ್‌ಮನ್ ಒಂದು ಸ್ಟೀಲ್ ಡಬ್ಬಿ ಕೈಗಿತ್ತು, ಆ ಮೇಡಂ ನಿಮಗೆ ಕೊಡಲು ಹೇಳಿದ್ದಾರೆ ಎಂದ. ತಳದಲ್ಲಿ ನನ್ನದೇ ಹೆಸರು. ಯಾವಾಗಲೋ ಪತ್ರೊಡೆ ತುಂಬಿಸಿ ಕೊಟ್ಟದ್ದು, ಮರೆತೇ ಹೋಗಿತ್ತು. ಒಳಗೆ ಎರಡು ಬಾಳೆಹಣ್ಣು.

ಕೂಡಲೇ ಫೋನ್ ಮಾಡಿದೆ. ಏರ್‌ಪೋರ್ಟಿನಲ್ಲಿ ಕ್ಯೂ ನಿಂತಿದ್ದರು.

"ಬಾಯಮ್ಮ, ನಿಮ್ಮ ಪ್ಲೇಟು ನನ್ನಲ್ಲೇ ಉಳಿಯಿತು..."

"ಪ್ಲೇಟಾ? ಯಾವ ಪ್ಲೇಟು?" ಎಂದರು. "ಅಕ್ಕ, ನೀವು ನನಗೆ ಬೈಬೇಡಿ. ನಿಮ್ಮ ಡಬ್ಬಿ ಖಾಲಿ ಹೇಗೆ ಕೊಡುವುದು ಅಂತ ಇಟ್ಟುಕೊಂಡಿದ್ದೆ. ಅವತ್ತು ಅದನ್ನೇ ಹೇಳ್ಲಿಕ್ಕೆ ಬಂದದ್ದು. ನೀವು ಬಾಗಿಲು ತೆಗೀಲಿಲ್ಲ, ಸಿಟ್ಟಾಗಿದ್ದೀರಿ ಅಂತ ಗ್ರಹಿಸಿದೆ. ಆಮೇಲೆ ನೀವು ಸಿಗ್ತೀರಿ ಅಂತ ಹೆದರಿ ಐದು ಮಾಳಿಗೆ ಮೆಟ್ಟಿಲಲ್ಲೇ ಇಳಿದೆ, ಮಾರಾಯ್ರೆ! ಇವತ್ತು ಎಂತ ಮಾಡುವುದು ಗೊತ್ತಾಗದೆ ಎರಡು ಬಾಳೆಹಣ್ಣು ಹಾಕಿದೆ."

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಕ್ಯೂ ಮುಂದೆ ಸರಿಯಿತು, ಅವರು ಫೋನ್ ಇಟ್ಟರು.

ಎರಡು ಬಾಳೆಹಣ್ಣು! ಅವರ ಪ್ಲೇಟಿಗೂ ಅಷ್ಟೇ ಸಾಕಿತ್ತು. ಆ ಎರಡು ತಿಂಗಳಲ್ಲಿ ನಮ್ಮ ಮನೆಯಲ್ಲಿ ಬಾಳೆಹಣ್ಣಿಲ್ಲದ ದಿನ ಒಂದೂ ಇರಲಿಲ್ಲ.