ಮಾಮಾನ ಕೊಕ್ಕೆಯಿಲ್ಲದ ಗಾಳ

ಹಾವೇರಿ ಜಿಲ್ಲೆಯಲ್ಲಿ ನಮ್ಮ ಮಾಮಾನಂಥ ಮೀನುಗಾರ ಇದುವರೆಗೆ ಹುಟ್ಟಿಲ್ಲ! ಬೇಕಿದ್ದರೆ ಕೆರೆಯ ಮೀನುಗಳನ್ನೇ ಕೇಳಿ ನೋಡಿ, ಒಕ್ಕೊರಲಿನಿಂದ ಹೌದೆನ್ನುತ್ತವೆ. ದಿನಾ ಸಂಜೆ ಅವನು ಗಾಳದ ಕೋಲು ಹಿಡಿದು ನೀರಿನ ಮೇಲೆ ಕೂತರೂ ಒಂದೇ ಒಂದು ಮೀನಿನ ಕೂದಲೂ ಕೊಂಕಿಲ್ಲ. ಮೀನಿಗೆ ಎಲ್ಲಿಯ ಕೂದಲು ಎನ್ನಬೇಡಿ, ಮಾಮಾನ ವಿಷಯದಲ್ಲಿ ಅಷ್ಟೆಲ್ಲ ಲೆಕ್ಕ ಕೇಳಬಾರದು. ಈಗೇನೋ ನಗುತ್ತ ಬರೆಯುತ್ತಿದ್ದೇನೆ. ಆದರೆ ಈ ಬೇಸಿಗೆಯಿಂದ ಪಂಚಮಿಯ ತನಕ ನಾಚಿಕೆಯಿಂದ ನಾನು ಯಾವ ಯಾವ ಓಣಿಯಲ್ಲಿ ಸುತ್ತು ಹಾಕಿ ಮನೆ ಸೇರಿದ್ದೇನೆ ಎಂಬುದು ನನಗೇ ಗೊತ್ತು.

ಮಾಮಾ ಎಂದರೆ ನನ್ನ ಅವ್ವನ ಒಬ್ಬನೇ ತಮ್ಮ. ತಿಳವಳ್ಳಿಯ ಹತ್ತಿರದ ಹಳ್ಳಿ, ಮನೆಯ ಹಿಂದೆಯೇ ಕೆರೆ, ಭತ್ತ ಮತ್ತು ಗೋವಿನಜೋಳದ ಬೇಸಾಯ. ಅರವತ್ತು ದಾಟಿದೆ, ಹಣೆ ತುಂಬ ವಿಭೂತಿ. ಮೊಟ್ಟೆ ಮಾರುವ ಅಂಗಡಿಯಲ್ಲಿ ಬೆಂಕಿಪೆಟ್ಟಿಗೆಯನ್ನೂ ಕೊಳ್ಳದ ಮನೆತನ ಅದು. ಅಂಥವನು ಒಂದು ದಿನ ಸವಣೂರಿನಲ್ಲಿ ಮಾಸ್ತರಿಕೆ ಮಾಡಿಕೊಂಡು ತೆಪ್ಪಗಿದ್ದ ನನಗೆ ಫೋನು ಮಾಡಿದ.

"ಅಳ್ಯಾ, ಮೀನ ಹಿಡ್ಯೂ ದೋಣಿ ತರಸ್ಬೇಕು. ನಿನ್ನ ಮೊಬೈಲಿನ್ಯಾಗ ನೋಡು."

"ಯಾರಿಗೆ ಮಾಮಾ?"

"ನನಗ!"

ನಾನು ಅತ್ತಿತ್ತ ನೋಡಿ, ಸ್ಟಾಫ್ ರೂಮಿನಿಂದ ಹೊರಗೆ ಬಂದು ಮಾತಾಡಿದೆ. ಇಂಥ ಮಾತನ್ನು ಹತ್ತು ಜನರ ನಡುವೆ ಆಡಲಾದೀತೇ?

ಮೊಬೈಲಿನಲ್ಲಿ ಹುಡುಕಿದರೆ ಕಯಾಕ್ ಎಂಬ ಪ್ಲಾಸ್ಟಿಕ್ ದೋಣಿಗಳು ಸಾಲಾಗಿ ಬಂದವು. ಒಬ್ಬರೇ ಕುಳಿತು ಹುಟ್ಟು ಹಾಕುವಂಥವು. ಕೆಲವಕ್ಕೆ ನಡುವೆ ಒಂದು ಗುಂಡಿ, ಅದರೊಳಗೆ ಕಾಲು ತೂರಿಸಿ ಕೂರಬೇಕು. ಅಗ್ಗವೂ ಚಂದವೂ ಇದ್ದ ಅಂಥದೊಂದನ್ನು ತೋರಿಸಿದೆ. ಮಾಮಾ ಚಿತ್ರ ನೋಡಿ ಸಿಡಿಮಿಡಿಗೊಂಡ.

"ಇದರಾಗ ಇಳ್ಯೂದ ಹೆಂಗ, ಏರೂದ ಹೆಂಗ? ಮೊಣಕಾಲ ಬಗ್ಗದಾವ್ರು ಏನ ಮಾಡ್ಬೇಕು? ಮ್ಯಾಲ ಕುಂಡ್ರೂವಂಥಾದ್ದು ನೋಡೋ. ಅಗಲ ಇರಬೇಕು, ಕುರ್ಚಿ ಇರಬೇಕು, ಹೊಳ್ಳಿ ಬೀಳಬಾರ್ದು."

ಅವನ ಮೊಣಕಾಲು ಕುದುರೆಯ ಮೊಣಕಾಲಿನಂತಿದೆ, ಈಗಲೂ ತೆಂಗಿನಮರ ಹತ್ತುತ್ತಾನೆ. ಆದರೂ ವಾದ ಮಾಡಿ ಗೆದ್ದವರು ಯಾರು? ಮೇಲೆ ಕೂರುವ ಕಯಾಕುಗಳಲ್ಲಿ ಎಲ್ಲಕ್ಕಿಂತ ಅಗಲವಾದದ್ದು, ಕುರ್ಚಿಯಿದ್ದದ್ದು, ಮೀನು ಹಿಡಿಯುವವರದೇ. ಅದನ್ನೇ ತರಿಸಿದೆವು. ಜೊತೆಗೆ ಗಾಳದ ಕೋಲೊಂದು ಪುಕ್ಕಟೆ!

ಬಂಕಾಪುರದಲ್ಲಿ ಪಾರ್ಸೆಲ್ ಇಳಿಯಿತು. ಟೆಂಪೋ ಮೇಲೆ ಹೇರಿದರೆ ಗಾಳಿಗೆ ಹಾರೀತೆಂದು ಮಾಮಾ ನನ್ನನ್ನೇ ಅದರೊಳಗೆ ಕೂರಿಸಿದ. ಹಾನಗಲ್ಲ ಪೇಟೆಯಲ್ಲಿ ಟೆಂಪೋ ಮೇಲೆ ಹಸಿರು ದೋಣಿ, ದೋಣಿಯ ಮೇಲೆ ಇಸ್ತ್ರಿ ಅಂಗಿಯ ಮಾಸ್ತರ! ಹಳೆಯ ವಿದ್ಯಾರ್ಥಿಯ ತಂದೆಯೊಬ್ಬರು ಕೈಮುಗಿದರು.

"ನಮಸ್ಕಾರ್ರಿ ಸರ. ಸಮುದ್ರಕ್ಕ ಹೊಂಟ್ರೇನ್ರಿ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾನಗಲ್ಲದ ಭೂಮಿ ಗಟ್ಟಿ, ಬಿಡಲಿಲ್ಲ.

ಊರಿಗೆ ತಂದು ಇಳಿಸಿದರೆ ದೋಣಿಯ ತಳದಲ್ಲಿ ತೂತುಗಳು! ಒಂದಲ್ಲ, ಹಲವಾರು. ಮಾಮಾ ಊಟಕ್ಕೆ ಹೋದಾಗ ನಾನು ಉಪಕಾರ ಮಾಡಲು ಹೋದೆ. ಮಾಳಿಗೆ ಸೋರಿದಾಗ ಮೆತ್ತುವ ಡಾಂಬರನ್ನು ಕಾಸಿ ಎಲ್ಲ ತೂತುಗಳನ್ನೂ ಮುಚ್ಚಿದೆ. ದೋಣಿಯ ಒಡಲು ಮುಚ್ಚಿದ ಪೊಳ್ಳು, ತೂತಿದ್ದರೂ ಮುಳುಗದು; ಆ ತೂತುಗಳಿರುವುದು ಮೇಲೆ ಬಿದ್ದ ನೀರು ಕೆಳಗೆ ಹರಿದು ಹೋಗಲಿ ಎಂದಂತೆ! ಅದೇ ಸಂಜೆ ಮಳೆ ಬಂತು. ಕೆರೆಯ ನಡುವೆ ಮಾಮಾ ಹಂಡೆಯಲ್ಲಿ ಕೂತವನಂತೆ ಸೊಂಟದ ಮಟ್ಟ ನೀರಿನಲ್ಲಿ ಕೂತುಬಿಟ್ಟ. ಮೀನು ಹಿಡಿಯುವವರು ತೆಪ್ಪ ತಂದು ಎಳೆದುಕೊಂಡು ಬಂದರು.

"ಅಳ್ಯಾ, ನೀ ಸಾಲ್ಯಾಗ ಹುಡುಗ್ರಿಗೆ ಏನ ಕಲಸ್ತೀ?" ಎಂದು ದಂಡೆಯಲ್ಲಿ ಎಲ್ಲರ ಎದುರಿಗೇ ಕೇಳಿದ. ವಿಜ್ಞಾನ ಎನ್ನಲು ನನಗೆ ಬಾಯಿ ಬರಲಿಲ್ಲ.

ಡಾಂಬರು ಕೆರೆದು ತೆಗೆದ ಮೇಲೆ ಶುರುವಾಯಿತು ಶೃಂಗಾರ. ಸವಣೂರಿಗೆ ಬಂದವನು ನಮ್ಮ ಅಂಗಳದಲ್ಲಿ ಅವ್ವ ಕೂರುವ ಕುರ್ಚಿಯನ್ನು ಟೇಪು ಹಿಡಿದು ಅಳೆದ. "ಕುರ್ಚಿ ಅಂದ್ರ ಹಿಂಗಿರ್ಬೇಕು" ಎಂದ. ದೋಣಿಯ ಕುರ್ಚಿಯನ್ನು ಅಷ್ಟೇ ಎತ್ತರಿಸಿ, ಟ್ರ್ಯಾಕ್ಟರ್ ಸೀಟು ಹೊಲಿಯುವವನಿಂದ ಕೆಂಪು ರೆಕ್ಸಿನ್ನಿನ ಮೆತ್ತೆ ಹಾಕಿಸಿದ. ಎತ್ತರವಾದದ್ದಕ್ಕೆ ದೋಣಿ ವಾಲತೊಡಗಿತು. ಎರಡೂ ಬದಿಗೆ ಬಿದಿರು ಕಟ್ಟಿ, ತುದಿಗೆ ಖಾಲಿ ಕ್ಯಾನುಗಳನ್ನು ಬಿಗಿದ. ಒಡೆದ ಬೀಸುಕಲ್ಲೇ ಲಂಗರು. ಕೋಲು ನಿಲ್ಲಿಸುವ ಕೊಳವೆಗಳಲ್ಲಿ ಒಂದಕ್ಕೆ ಕೋಲು, ಇನ್ನೊಂದಕ್ಕೆ ಛತ್ರಿ.

"ಇನ್ನ ಗೆಜ್ಜಿ ಗೊಂಡೆ ಕಟ್ಟೂದಷ್ಟ ಉಳೀತು ನೋಡ ಮಾಮಾ" ಎಂದು ಕುಟುಕಿದೆ.

ಮುಂದಿನ ವಾರ ಹೋದರೆ ಗೆಜ್ಜೆಯೂ ಇತ್ತು, ಗೊಂಡೆಯೂ ಇತ್ತು!

ಇಷ್ಟೆಲ್ಲ ಮಾಡಿ ಅವನು ಹಾಕುತ್ತಿದ್ದ ಗಾಳಕ್ಕೆ ಕೊಕ್ಕೆಯೇ ಇರಲಿಲ್ಲ. ಬರೀ ದಾರ. ತೆಪ್ಪದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೌಡ್ರ, ಮೀನ ತಾನಾಗೇ ದಾರಾ ಹಿಡಕೊಂಡು ಮ್ಯಾಲ ಬರಬೇಕೇನ್ರಿ?"

ನಾನೂ ತಡೆಯಲಾರದೆ ಕೇಳಿದೆ. "ಹಂಗಾರ ಆ ಕೋಲರ ಯಾಕ ಮಾಮಾ?"

"ಕೋಲ ಹಿಡಕೊಂಡ ಕುಂತ್ರ ಮೀನ ಹಿಡ್ಯಾಕತ್ತಾನ ಅಂತಾರ. ಬರೇ ಕುಂತ್ರ ಹುಚ್ಚ ಹಿಡದೈತಿ ಅಂತಾರ. ಯಾವ್ದ ಚಲೋ ಹೇಳು?"

ಎರಡನ್ನೂ ಅನ್ನುತ್ತಿದ್ದಾರೆ ಎಂದು ಹೇಳಲು ಮನಸ್ಸು ಬರಲಿಲ್ಲ.

ಆದರೆ ಮಾನ ಪೂರ್ತಿ ಹೋದದ್ದು ಗೋವಿನಜೋಳದ ಚೀಲದಿಂದ. ಮಾಮಾ ಕುರ್ಚಿಯ ಮೇಲೆ ತುಂಬಿದ ಚೀಲವೊಂದನ್ನು ಕೂರಿಸಿ, ತಾನು ಸೊಂಟದ ಮಟ್ಟ ನೀರಲ್ಲಿ ನಿಂತು, ದೋಣಿಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದನಂತೆ. ಯಾರೋ ವಿಡಿಯೋ ಮಾಡಿದರು. ಅದು ಹಿರೇಕೆರೂರು ಸುತ್ತಿ, ಶಿಗ್ಗಾಂವಿ ಸುತ್ತಿ, ನಮ್ಮ ಶಾಲೆಯ ಗುಂಪಿಗೆ ಬಂತು. "ಇವ್ರು ನಿಮ್ಮ ಮಾಮಾ ಅಲ್ರಿ?" ಎಂದು ಹೆಡ್ ಮಾಸ್ತರರು ಕೇಳಿದಾಗ ನಾನು "ಹಂಗ ಕಾಣ್ತಾರ್ರಿ" ಎಂದೆ. ಸ್ವಂತ ಸೋದರಮಾವನನ್ನು ಹಂಗ ಕಾಣುವವನನ್ನಾಗಿ ಮಾಡಿದೆ!

ಸುದ್ದಿ ಅವ್ವನಿಗೂ ಮುಟ್ಟಿತು. ತಮ್ಮ ಮೀನು ಹಿಡಿಯುತ್ತಾನೆ ಎಂದು ಓಣಿಯ ಹೆಂಗಸರು ನಕ್ಕದ್ದನ್ನು ಅವಳಿಗೆ ತಡೆಯಲಾಗಲಿಲ್ಲ.

"ಈ ಪಂಚಮಿಗೆ ನಾ ತವರಿಗೆ ಹೋಗಂಗಿಲ್ಲ" ಎಂದುಬಿಟ್ಟಳು.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಪಂಚಮಿ ಎಂದರೆ ಅಣ್ಣತಮ್ಮಂದಿರು ಬಂದು ಕರೆದೊಯ್ಯುವ ಹಬ್ಬ, ಉಂಡಿ ತಿಂದು ಜೋಕಾಲಿ ಆಡುವ ಹಬ್ಬ. ಮದುವೆಯಾದಾಗಿನಿಂದ ಅವ್ವ ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ. ಹೋದ ವರ್ಷ ಮೊಣಕಾಲು ಬಗ್ಗದೆ, ಜೋಕಾಲಿ ಏರಲಾಗದೆ, ಆಡುವವರ ಚಪ್ಪಲಿ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದಳಂತೆ. "ನಂದ ಮುಗೀತು ಬಿಡ" ಎಂದು ತಮ್ಮನ ಮುಂದೆ ಹೇಳಿ ಬಂದಿದ್ದಳು. ಈ ವರ್ಷ ತವರೂ ಮುಗಿದಂತೆಯೇ ಎಂದು ನನಗೆ ಕಳವಳವಾಯಿತು.

ಹಬ್ಬದ ಹಿಂದಿನ ದಿನ ಮಾಮಾ ಎಂದಿನಂತೆ ಕರೆಯಲು ಬಂದ. ಅವ್ವ ಮುಖ ತಿರುಗಿಸಿದಳು.

"ಮೀನ ಹಿಡ್ಯಾವ್ರ ಮನಿಗೆ ನಾ ಬರಂಗಿಲ್ಲ."

ಮಾಮಾ ಹೊಸ್ತಿಲ ಹತ್ತಿರವೇ ಕೂತ. ಹೆಗಲ ಮೇಲಿನ ಟವಲು ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ಹೇಳಿದ.

"ಅಕ್ಕಾ, ಏರೂದ ಬ್ಯಾಡ, ಕಾಲ ಮಡಚೂದ ಬ್ಯಾಡ. ಬರೇ ಕುಂತ್ರ ಸಾಕು. ಈ ಸಲ ಜೋಕಾಲಿ ನೀರಾಗ ಕಟ್ಟೇನಿ."

ಅವ್ವ ಅವನ ಮುಖ ನೋಡಿದಳು. ಅಂಗಳದ ಕುರ್ಚಿಯನ್ನೂ ನೋಡಿದಳು. ಎದ್ದು ಒಳಗೆ ಹೋಗಿ ಸೀರೆ ಚೀಲಕ್ಕೆ ಹಾಕಿಕೊಳ್ಳತೊಡಗಿದಳು. ನನಗೆ ಮಾತ್ರ ಆ ಮನುಷ್ಯನ ಕಣ್ಣಿಗೆ ಕಣ್ಣು ಕೊಡಲು ಆಗಲಿಲ್ಲ.

ಪಂಚಮಿಯ ದಿನ ಕೆರೆಯ ಮೆಟ್ಟಿಲಿಗೆ ದೋಣಿ ತಂದು ಹಚ್ಚಿದ. ಕುರ್ಚಿ ಸರಿಯಾಗಿ ಮೇಲಿನ ಮೆಟ್ಟಿಲಿನ ಎತ್ತರಕ್ಕಿತ್ತು. ಇಳಕಲ್ ಸೀರೆಯ ಮೇಲೆ ಕೇಸರಿ ಬಣ್ಣದ ತೇಲುವ ಜಾಕೀಟು ತೊಟ್ಟು, ಕಾಲು ಚಾಚಿಕೊಂಡು, ಛತ್ರಿಯ ನೆರಳಲ್ಲಿ, ಗೋವಿನಜೋಳದ ಚೀಲ ಕೂತಿದ್ದ ಜಾಗದಲ್ಲಿ ಅವ್ವ ಕೂತಳು. ಮಾಮಾ ನೀರಿಗಿಳಿದು ಒಂದು ಹಗ್ಗ ಹಿಡಿದ. ಇನ್ನೊಂದನ್ನು ನಾನು ಹಿಡಿದೆ, ಇಸ್ತ್ರಿ ಅಂಗಿ ಎದೆಯತನಕ ತೊಯ್ದಿತ್ತು. ದಂಡೆಯ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲು. ಗೆಜ್ಜೆ ಝಲ್ಲೆಂದಿತು.

ಅವ್ವ ಪಕ್ಕದಲ್ಲಿದ್ದ ಗಾಳದ ದಾರವನ್ನು ಕೈಗೆ ತೆಗೆದುಕೊಂಡು ನೋಡಿದಳು.

"ಇದಕ್ಕ ಕೊಕ್ಕಿ ಎಲ್ಲೈತೋ ತಮ್ಮಾ?"

"ಕೊಕ್ಕಿ ಇದ್ರ ನಿನ್ನ ಸೀರಿಗೆ ಸಿಗ್ತಿತ್ತಲ್ಲ ಅಕ್ಕಾ."

ಅವ್ವ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ತಮ್ಮನನ್ನು ಗದರಿಸಿದಳು.

"ಜೋರಾಗಿ ತೂಗೋ! ಕೈಯಾಗ ಬಲಾ ಇಲ್ಲೇನ?"