ಪೇಶಿಯ ದಿನ ಉಪವಾಸ

ಆಗ ನನಗೆ ಅರವತ್ತೊಂದು. ಆರು ವರ್ಷದ ಹಿಂದಿನ ಮಾತು. ಓದಲು ಬಾರದಿದ್ದರೆ ಅಂಥ ಕೇಡೇನೂ ಇಲ್ಲ. ತಿಳಿಯದೆ ತಲೆಯಾಡಿಸುವುದೇ ಕೇಡು. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತವಳು ನಾನು. ಮೇಸ್ತ್ರಿ ಮರಾಠಿಯಲ್ಲಿ ಏನೇ ಅಂದರೂ ‘ಹೋ, ಹೋ’, ಹೌದು ಹೌದು, ಅಂದರೆ ಸಾಕು, ಕೆಲಸ ನಡೆಯುತ್ತಿತ್ತು. ಮೂವತ್ತು ವರ್ಷ ಹೀಗೆ ಹೋ ಅಂದು ಅಂದು, ನನಗೆ ಮರಾಠಿ ಬರುತ್ತದೆ ಎಂದು ನಾನೇ ನಂಬಿಬಿಟ್ಟಿದ್ದೆ.

ನನ್ನ ಗಂಡ ಭೋಸರಿಯ ಕಾರ್ಖಾನೆಗಳಲ್ಲಿ ಕಬ್ಬಿಣ ಇಳಿಸುತ್ತಿದ್ದವನು. ಆ ವರ್ಷ ತಟ್ಟೆ ತುಂಬ ತಿಂದರೂ ಕರಗುತ್ತಲೇ ಹೋದ. ಅಂಗಿ ಗೂಟಕ್ಕಿದ್ದಾಗಲೂ ಅಷ್ಟೇ, ಅವನ ಮೈಮೇಲಿದ್ದಾಗಲೂ ಅಷ್ಟೇ ಕಾಣುತ್ತಿತ್ತು. ದವಾಖಾನೆಯ ಡಾಕ್ಟರಮ್ಮ ರಕ್ತ ನೋಡಿ ಸಕ್ಕರೆ ಕಾಯಿಲೆ ಅಂದರು. ಇನ್ಸುಲಿನ್ ಸೂಜಿ ಚುಚ್ಚುವುದನ್ನು, ಚುಚ್ಚಿದ ಮೇಲೆ ತಡಮಾಡದೆ ಉಣಿಸುವುದನ್ನು ನರ್ಸಮ್ಮ ಕಲಿಸಿದಳು. ಎಂಟು ದಿನ ಬಿಟ್ಟು ಬನ್ನಿ ಅಂದ ಡಾಕ್ಟರಮ್ಮ ಕೊನೆಗೆ, “ತ್ಯಾಂಚ್ಯಾ ಪೇಶೀ ಉಪಾಶೀ ಆಹೇತ್” ಅಂದರು. ನಾನು ಹೋ, ಹೋ ಅಂದೆ.

ನಮ್ಮ ಕಡೆ ಪೇಶಿ ಅಂದರೆ ಕೋರ್ಟಿನ ತಾರೀಖು. ನಮ್ಮಪ್ಪ ಹೊಲದ ಬದುವಿನ ಜಗಳಕ್ಕೆ ಕೇಸು ಹಾಕಿ, ದೇವರು ಗೆಲ್ಲಿಸಲಿ ಎಂದು ಪ್ರತಿ ಪೇಶಿಗೂ ಉಪವಾಸ ಹೋಗುತ್ತಿದ್ದ. ಹೊಲವೂ ಹೋಯಿತು, ಹೊಟ್ಟೆಯಲ್ಲಿ ಹುಣ್ಣೂ ಆಯಿತು. ಹಾಗಾಗಿ ಪೇಶಿ, ಉಪವಾಸ ಎರಡೂ ಜೋಡಿಯಾಗಿ ಕಿವಿಗೆ ಬಿದ್ದಾಗ ನನಗೆ ಅನುಮಾನವೇ ಬರಲಿಲ್ಲ. ಮುಂದಿನ ತಾರೀಖಿಗೆ ಉಪವಾಸ ಕರೆತಾ ಎಂದಿದ್ದಾರೆ, ಅಷ್ಟೇ.

ಎಂಟನೆಯ ದಿನ ಬೆಳಿಗ್ಗೆ ಗಂಡನಿಗೆ ಸೂಜಿ ಚುಚ್ಚಿದೆ. ರೊಟ್ಟಿ ಕೊಡಲಿಲ್ಲ.

“ಹಸಿವ್ಯಾಗ್ಯದ. ಅರ್ಧಾ ರೊಟ್ಟಿಯಾರ ಕೊಡು” ಅಂದ.

“ಇವತ್ತ ಪೇಶಿ ಅದರಿ. ಸುಮ್ನ ನಡೀರಿ.”

“ನಾ ಯಾರ ಹೊಲಾ ಕಸ್ಕೊಂಡೀನೇ?”

ಕಾತ್ರಜದಲ್ಲಿ ಬಸ್ಸು ಹತ್ತಿದ ಸ್ವಲ್ಪ ಹೊತ್ತಿಗೆ ಅವನ ಅಂಗಿ ಬೆವರಿನಲ್ಲಿ ತೊಯ್ದಿತು, ಕೈ ನಡುಗಿತು. ನನ್ನ ಮುಖ ನೋಡಿ, “ನೀವ್ ಯಾರ ಮನಿಯವ್ರರೀ?” ಎಂದು ಕೇಳಿದ. ನಲವತ್ತು ವರ್ಷದ ಸಂಸಾರದಲ್ಲಿ ಅವನು ನನಗೆ ‘ರೀ’ ಅಂದದ್ದು ಅದೇ ಮೊದಲು. ನನ್ನ ಜೀವ ಹಾರಿದ್ದು ಆಗ. ಮುಂದಿನ ಸೀಟಿನ ಮರಾಠಿ ಹೆಂಗಸು ಚೀಲದಿಂದ ಪೇಡೆ ತೆಗೆದು ಅವನ ಬಾಯಿಗೆ ಹಿಡಿದಳು. “ಶುಗರ್ ಆಹೆ ತ್ಯಾಂನಾ!” ಅವರಿಗೆ ಶುಗರ್ ಇದೆ ಎಂದು ನಾನು ಅವಳ ಕೈ ತಳ್ಳಿದೆ. “ಮ್ಹಣೂನಚ್!” ಅದಕ್ಕೇ ಕೊಡುತ್ತಿರುವುದು ಎಂದು ಗದರಿ, ನನ್ನನ್ನು ಪಕ್ಕಕ್ಕೆ ಸರಿಸಿ ತಿನ್ನಿಸಿದಳು. ಅವಳ ಗಂಡನಿಗೂ ಸೂಜಿಯೇ ಇರಬೇಕು. ದವಾಖಾನೆ ಬರುವಷ್ಟರಲ್ಲಿ ಇವನು ನನ್ನನ್ನು ಮತ್ತೆ “ಏ ಇವಳೇ” ಅಂದ. ಹೋದ ಜೀವ ಬಂತು.

ಸಂಜೆ ಮೊಮ್ಮಗಳು ಭಾಗ್ಯ ಮನೆಗೆ ಬಂದಳು. ಮರಾಠಿಯಲ್ಲಿ ಓದಿದವಳು, ಹನ್ನೊಂದನೆಯ ಕ್ಲಾಸು, ವಿಜ್ಞಾನ. ನಾನು ಹೇಳಿದ್ದು ಕೇಳಿ ತಲೆ ಚಚ್ಚಿಕೊಂಡಳು.

“ಅಜ್ಜಿ, ಪೇಶಿ ಅಂದ್ರ ಕೋರ್ಟಲ್ಲ. ಮೈಯಾಗ ಕಣ್ಣಿಗೆ ಕಾಣಲಾರದಂಥಾ ಸಣ್ಣ ಸಣ್ಣ ಖೋಲಿ. ಒಂದೊಂದ್ರಾಗೂ ಒಲಿ ಅದಾವ. ಸಕ್ರಿ ಅಲ್ಲಿ ಉರೀತದ, ಅದಕ್ಕ ನಮಗ ಕಸುವು. ನಾವು ಉಸ್ರಾಡೂದು ಆ ಒಲಿಗೆ ಗಾಳಿ ಕೊಡಾಕ.”

“ಮತ್ತ ಅಜ್ಜನ ಮೈಯಾಗ ಸಕ್ರಿ ಭಾಳ ಅದ ಅಂದ್ರಲ್ಲ?”

“ರಕ್ತದಾಗ ಅದ. ಖೋಲಿ ಬಾಗ್ಲಾ ಮುಚ್ಯಾವ. ಅಂಗಳದಾಗ ಕಟ್ಟಿಗಿ ರಾಶಿ, ಒಳಗ ಒಲಿ ಆರ್ಯದ. ಅದಕ್ಕ ಮೈ ತನ್ನ ತೊಲಿ ತಾನ ಮುರ್ದು ಒಲಿಗೆ ಹಾಕ್ಕೋತದ, ಅಜ್ಜ ಸೊರಗಿದ್ದು ಹಂಗ. ಸೂಜಿ ಬಾಗ್ಲಾ ತೆಗೀತದ. ನೀ ಬಾಗ್ಲಾ ತೆಗ್ದು, ಅಂಗಳದಾಗಿದ್ದ ಕಟ್ಟಿಗೀನೂ ಖಾಲಿ ಮಾಡ್ಸಿ, ಹೊಸಾದು ಹಾಕ್ಲಿಲ್ಲ.”

‘ಅವರ ಪೇಶಿಗಳು ಹಸಿದಿವೆ’ ಎಂದಿದ್ದರಂತೆ ಡಾಕ್ಟರಮ್ಮ. ಹಸಿದಿವೆ ಅಂದದ್ದಕ್ಕೆ ಉಪವಾಸ ಕೆಡವಿದವಳು ನಾನು. ಎರಡು ವರ್ಷದ ಹಿಂದೆ ಅವನು ಹೋದ. ಕಿಡ್ನಿ ಕೆಟ್ಟು ಹೋದದ್ದು, ನನ್ನ ಉಪವಾಸದಿಂದಲ್ಲ; ಡಾಕ್ಟರಮ್ಮನನ್ನು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಹೋ ಅನ್ನದೆ, ಭಾಗ್ಯಳಿಂದ ಕನ್ನಡದಲ್ಲಿ ಹೇಳಿಸಿಕೊಂಡಿದ್ದೇನೆ.

ಆ ಪೇಶಿಯ ಮರುದಿನ ಬೆಳಿಗ್ಗೆ ಎರಡು ರೊಟ್ಟಿ, ಪುಂಡಿಪಲ್ಯ ತಟ್ಟೆಗೆ ಹಾಕಿ ಅವನ ಮುಂದಿಟ್ಟು, ಆಮೇಲೆ ಸೂಜಿ ಕೈಗೆತ್ತಿಕೊಂಡೆ. ಅವನು ತಟ್ಟೆ ನೋಡಿದ, ನನ್ನನ್ನು ನೋಡಿದ. “ಇವತ್ತ ಪೇಶಿ ಇಲ್ಲೇನು?” ಅಂದ.

“ಅದರಿ, ನಂದು” ಎಂದು ಸೂಜಿ ಚುಚ್ಚಿ, ಅವನು ಕೊನೆಯ ತುತ್ತು ನುಂಗುವವರೆಗೆ ಎದುರಿಗೆ ನಿಂತುಕೊಂಡೆ.